ನಾನು ಬರೆದೂ ನೆಡದ ಬೋರ್ಡು

ಆ ಬಡಾವಣೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಅಂತಲ್ಲ. ತಗಡಿನ ಮೇಲೆ, ಗೋಡೆಯ ಮೇಲೆ, ಟೆಂಪೋದ ಬದಿಯ ಮೇಲೆ ನನ್ನ ಕೈಯಾರೆ ಅದನ್ನು ಎಷ್ಟು ಸಲ ಬರೆದಿದ್ದೇನೋ. ಇಟಲಿ ದೇಶದ ಒಂದು ಊರಿನ ಹೆಸರು, ಅದರ ಬಾಲಕ್ಕೆ ಒಂದು ಇಂಗ್ಲಿಷ್ ಪದ. ಅಷ್ಟು ಹೇಳಿದರೆ ಸಾಕು. ನಮ್ಮೂರಿನ ಹೆಸರನ್ನು ಅವರು ತಮ್ಮ ಒಂದು ಕಾಗದದಲ್ಲೂ ಬರೆಯಲಿಲ್ಲ. ಅವರದನ್ನು ನಾನೂ ಬರೆಯುವುದಿಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು.

ನಾನು ಬೋರ್ಡು ಬರೆಯುವವನು. ಈಗ ಎಲ್ಲೆಲ್ಲೂ ಫ್ಲೆಕ್ಸು ಬಂದು ನಮ್ಮ ಹೊಟ್ಟೆಯ ಮೇಲೆ ಕಲ್ಲು ಬಿದ್ದಿದೆ. ಆದರೆ ತೊಂಬತ್ತರ ದಶಕದಲ್ಲಿ ಶಿವಾಜಿನಗರದಲ್ಲಿ ಬ್ರಷ್ ಹಿಡಿದವನಿಗೆ ಕೆಲಸದ ಬರ ಇರಲಿಲ್ಲ. ನಮ್ಮ ಅಂಗಡಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು, ಒಂದು ಪಕ್ಕಕ್ಕೆ ಪರದೆ ಬಟ್ಟೆ ಮಾರುವವರು, ಇನ್ನೊಂದು ಪಕ್ಕಕ್ಕೆ ಕೋಳಿ ಅಂಗಡಿ. ಅಂಗಡಿ ನಡೆಸುತ್ತಿದ್ದವರನ್ನು ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಸೀಮೆಸುಣ್ಣ ಹಚ್ಚಿದ ದಾರವನ್ನು ತಗಡಿನ ಮೇಲೆ ಬಿಗಿಯಾಗಿ ಎಳೆದು ಫಟ್ ಅಂತ ಬಿಟ್ಟು ಗೆರೆ ಮೂಡಿಸುವುದರಿಂದ ಹಿಡಿದು ನಾಲ್ಕು ಭಾಷೆಯ ಅಕ್ಷರಗಳವರೆಗೆ ಎಲ್ಲವನ್ನೂ ಕಲಿಸಿದವರು ಅವರೇ. ಕನ್ನಡ, ತಮಿಳು, ಉರ್ದು, ಇಂಗ್ಲಿಷ್. ಉರ್ದು ನನಗೆ ಓದಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿತ್ತು. ಇಂಗ್ಲಿಷಿನದೂ ಹೆಚ್ಚು ಕಡಿಮೆ ಅದೇ ಕಥೆ.

ಅಂಗಡಿಯ ಮೇಲಿನ ಕೋಣೆಯಲ್ಲೇ ನನ್ನ ವಾಸ. ಊರು ಮಹದೇವಪುರದ ಆಚೆ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬಸ್ಸು ಹತ್ತಿ ಹೋಗಿ ಅಣ್ಣನ ಮನೆಯಲ್ಲಿದ್ದ ಅಪ್ಪನನ್ನು ನೋಡಿಕೊಂಡು ಬರುತ್ತಿದ್ದೆ. ಹೋದಾಗಲೆಲ್ಲ ಊರಿನ ಸುತ್ತ ಒಂದಷ್ಟು ಹೊಲ ಕಡಿಮೆಯಾಗಿ ಒಂದಷ್ಟು ಕಂಬಿ ಬೇಲಿ ಹೆಚ್ಚಾಗಿರುತ್ತಿತ್ತು. ಯಾರು ಕೊಂಡರು ಅಂದರೆ ಊರಿನವರಿಗೆ ಏಜೆಂಟಿನ ಹೆಸರು ಮಾತ್ರ ಗೊತ್ತಿರುತ್ತಿತ್ತು. ನಾನೂ ಹೆಚ್ಚು ಕೇಳಲು ಹೋಗುತ್ತಿರಲಿಲ್ಲ. ನನಗೆ ಹೊಟ್ಟೆಗೆ ಹಾಕುತ್ತಿದ್ದದ್ದೂ ಆ ಕಂಬಿ ಬೇಲಿಗಳೇ ಅನ್ನುವುದು ಒಳಗೊಳಗೇ ಗೊತ್ತಿತ್ತು.

ಯಾಕೆಂದರೆ ಆ ಹೊತ್ತಿಗೆ ನಮಗೆ ಬರುತ್ತಿದ್ದ ದೊಡ್ಡ ಕೆಲಸವೆಲ್ಲ ಲೇಔಟಿನವರದೇ. ಮೊದಮೊದಲು ಅವರೂ ನಮ್ಮ ಹಾಗೇ ಇದ್ದರು. ದೇವರ ಹೆಸರು, ಅಪ್ಪನ ಹೆಸರು, ಹೆಂಡತಿಯ ಹೆಸರು, ಅದರ ಮುಂದೆ ನಗರ ಅಂತಲೋ ಲೇಔಟ್ ಅಂತಲೋ. ಆಮೇಲೆ ಅದೇನು ಗಾಳಿ ಬೀಸಿತೋ, ಯಾರಿಗೂ ನಮ್ಮ ಕಡೆಯ ಹೆಸರು ಬೇಡವಾಯಿತು. ಬೆಟ್ಟವಿಲ್ಲದ ಕಡೆ ಹಿಲ್ಸ್ ಬಂತು. ಹುಲ್ಲು ಕೂಡ ಹುಟ್ಟದ ಕಡೆ ಮೆಡೋಸ್ ಬಂತು. ನಾನು ಬರೆದ ಒಂದು 'ಲೇಕ್ ವ್ಯೂ'ನಿಂದ ಕಾಣುತ್ತಿದ್ದದ್ದು ಟಯರ್ ಗೋಡೌನು. ಎಲ್ಲ ಬೋರ್ಡಿನ ಕೆಳಗೂ 'ವೈಟ್‌ಫೀಲ್ಡ್ ಹತ್ತಿರ' ಅಂತ ಬರೆಸುತ್ತಿದ್ದರು. ಅವರ ಲೆಕ್ಕದಲ್ಲಿ ಹಲಸೂರು ದಾಟಿದರೆ ಮಿಕ್ಕಿದ್ದೆಲ್ಲ ವೈಟ್‌ಫೀಲ್ಡ್ ಹತ್ತಿರವೇ. ಉಸ್ತಾದ್ ನಗುತ್ತಿದ್ದರು, "ಬರೀ ಬೇಟಾ, ಬರೀ. ನಾವ್ ಬರೆದಿದ್ದೆಲ್ಲ ನಿಜ ಆಗ್ಬೇಕು ಅಂತ ಕಾನೂನಿದ್ಯಾ?"

ಇಟಲಿಯ ಕೆಲಸ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಅವರ ಆಫೀಸು ಇಂದಿರಾನಗರದಲ್ಲಿತ್ತು, ಗಾಜಿನ ಬಾಗಿಲು, ಒಳಗೆ ಕಾಲಿಟ್ಟರೆ ಮೈ ಕೊರೆಯುವ ಏಸಿ. ಅಲ್ಲಿ ಹೆಸರು ಇಡುವುದಕ್ಕೆಂದೇ ಒಬ್ಬ ಮ್ಯಾನೇಜರ್ ಇದ್ದ. ನನಗಿಂತ ಚಿಕ್ಕವನು, ಟೈ ಕಟ್ಟಿಕೊಂಡಿದ್ದ, ಮಾತು ಮೃದು. ನಾನು ಅವನಿಗೆ ಮನಸ್ಸಿನಲ್ಲೇ ಹೆಸರಿನ ಸಾಹೇಬ ಅಂತ ಹೆಸರಿಟ್ಟಿದ್ದೆ. ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿಕೊಂಡು, ಒಂದು ವಿದೇಶಿ ಪ್ರವಾಸದ ಪುಸ್ತಕ ತೆರೆದಿಟ್ಟುಕೊಂಡು, ಅದರಿಂದ ಒಂದೊಂದೇ ಹೆಸರು ಕಿತ್ತು ನಕ್ಷೆಯ ಮೇಲೆ ಅಂಟಿಸುತ್ತಿದ್ದ. ನಕ್ಷೆಯಲ್ಲಿ ಕೆರೆ ಇರಲಿಲ್ಲ, ಲಗೂನ್ ಇತ್ತು. ರಾಜಕಾಲುವೆ ಇರಲಿಲ್ಲ, ಗ್ರ್ಯಾಂಡ್ ಕೆನಾಲ್ ಇತ್ತು. ಬೀದಿಗಳೆಲ್ಲ ಆಲಿವ್, ಲ್ಯಾವೆಂಡರ್, ರೋಸ್‌ಮೇರಿ. ಕಾಗದವನ್ನು ಹೇಗೆ ತಿರುಗಿಸಿದ್ದರೋ, ಮೂಡಣ ಎಲ್ಲಿ ಪಡುವಣ ಎಲ್ಲಿ ಅಂತ ನನಗೆ ತಿಳಿಯಲಿಲ್ಲ.

"ಸಾರ್, ಅಲ್ಲಿರೋ ಊರಿನ ಹೆಸರನ್ನೇ ಒಂದು ರೋಡಿಗೆ ಇಡಬಹುದಲ್ಲ?" ಅಂತ ಸುಮ್ಮನೆ ಕೇಳಿದೆ. ಯಾವ ಊರು ಅಂತ ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಹೆಸರಿನ ಸಾಹೇಬ ನಕ್ಕ. "ಹಳ್ಳಿ ಹೆಸರಿಟ್ರೆ ಯಾರ್ ಗುರು ತಗೋತಾರೆ? ಕಸ್ಟಮರ್‌ಗೆ ಒಂದು ಫೀಲ್ ಬೇಕು. ಮನೆಗೆ ಬಂದ್ರೆ ಫಾರಿನ್‌ಗೆ ಬಂದ ಹಾಗಿರ್ಬೇಕು."

ಆಮೇಲೆ ನಕ್ಷೆಯ ಒಂದು ಮೂಲೆಯಲ್ಲಿ ಹಸಿರು ಬಣ್ಣ ಬಳಿದಿದ್ದ ತುಣುಕೊಂದರ ಮೇಲೆ ಪೆನ್ನು ಇಟ್ಟ. "ಇದೊಂದು ಉಳ್ಕೊಂಡಿದೆ. ಹಳೇ ಮರಗಳಿವೆ, ಅದೇನೋ ಗೌರ್ಮೆಂಟ್ ತಕರಾರಂತೆ, ಕಟ್ಟೋಕಾಗಲ್ಲ. ಪಾರ್ಕ್ ಮಾಡ್ತಿದೀವಿ. ನೀವೇ ಒಂದ್ ಹೆಸರು ಹೇಳಿ ನೋಡೋಣ."

"ಅಲ್ಲಿ ಏನಿದೆ ಸಾರ್?"

"ಏನೂ ಇಲ್ಲ. ಫುಲ್ ಸೈಲೆಂಟ್."

"ಹಂಗಾದ್ರೆ ಶಾಂತಿ ಅನ್ನೋ ಅರ್ಥ ಬರೋ ಥರ ಏನಾದ್ರೂ ಇಡಿ ಸಾರ್."

ಅವನು ಮೇಜು ತಟ್ಟಿದ. "ಸೆರೆನಿಟಿ ಗಾರ್ಡನ್! ಸೂಪರ್ ಗುರು." ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬೇರೆಯವರು ಇಟ್ಟ ಹೆಸರನ್ನು ಬರೆದೂ ಬರೆದೂ ಸಾಕಾಗಿತ್ತು. ನಾನು ಸೂಚಿಸಿದ್ದನ್ನು ನಾನೇ ಬರೆಯುವ ಭಾಗ್ಯ ಅದೇ ಮೊದಲು. ಉಳಿದ ಬೋರ್ಡುಗಳಿಗೆ ಎರಡು ಕೋಟು ಬಣ್ಣ ಕೊಟ್ಟೆ, ಆ ಒಂದಕ್ಕೆ ಮೂರು ಕೋಟು ಕೊಟ್ಟೆ. ಕಡು ಹಸಿರಿನ ಮೇಲೆ ಕೆನೆ ಬಣ್ಣದ ಅಕ್ಷರ, ಸುತ್ತಲೂ ಸಣ್ಣ ಬಳ್ಳಿ. ಕೆಳಗೆ ಅವರು ಹೇಳಿದ ಇನ್ನೊಂದು ಸಾಲು: 'ನಿವಾಸಿಗಳಿಗೆ ಮಾತ್ರ', ಇಂಗ್ಲಿಷಿನಲ್ಲಿ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ನಮ್ಮೂರಿನ ಕುಳವಾಡಿ. ಅಂದರೆ ಊರಿನ ಎಲ್ಲೆ ಗೊತ್ತಿದ್ದವನು. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ, ಯಾವ ಬದು ಯಾರದು, ಯಾವ ಕಲ್ಲು ಅಲ್ಲಾಡಿದೆ, ಯಾವುದನ್ನು ರಾತ್ರೋರಾತ್ರಿ ಸರಿಸಿದ್ದಾರೆ, ಎಲ್ಲ ಅವನ ಕಾಲಿಗೆ ಗೊತ್ತು. ಆ ಕೆಲಸ ತಲೆತಲಾಂತರದಿಂದ ನಮ್ಮ ಕೇರಿಯವರದು. ವಿಚಿತ್ರ ನೋಡಿ, ಊರಿನವರು ತಮ್ಮ ಮನೆಯ ಹೊಸ್ತಿಲು ತುಳಿಯಲು ಬಿಡದವನನ್ನೇ ಹೊಲದ ಜಗಳಕ್ಕೆ ಕರೆಯುತ್ತಿದ್ದರು, ಅವನು ಹೇಳಿದ್ದನ್ನು ತುಟಿ ಪಿಟಕ್ಕೆನ್ನದೆ ಒಪ್ಪುತ್ತಿದ್ದರು. ಜಗಳ ಜೋರಾದರೆ ಕುಳವಾಡಿ ಆ ನೆಲದ ಹಸಿ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ತಪ್ಪು ನಡೆದರೆ ಉಂಡೆ ತಾನಾಗಿ ಒಡೆಯುತ್ತದೆ, ನಡೆದವನು ರಕ್ತ ಕಾರಿ ಸಾಯುತ್ತಾನೆ ಅಂತ ನಂಬಿಕೆ. ಅಪ್ಪ ಹಾಗೆ ಎರಡು ಸಲ ನಡೆದಿದ್ದ. ಆಮೇಲೆ ನಮ್ಮ ಕೇರಿಯವರು ಬೌದ್ಧರಾದೆವು, ಮನೆಯ ಗೋಡೆಗೆ ಬುದ್ಧನ ಪಟ ಬಂತು, ಊರ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದನ್ನು ಅಪ್ಪ ಬಿಟ್ಟುಬಿಟ್ಟ. ಆದರೆ ಎಲ್ಲೆಯ ನೆನಪು ಎಲ್ಲಿಗೆ ಹೋಗುತ್ತದೆ?

ಅವನಿಗೆ ಪ್ರತಿ ತುಂಡು ನೆಲದ ಹೆಸರೂ ಗೊತ್ತಿತ್ತು. ಕೋಡಿಹೊಲ, ಕತ್ತೆಬಂಡೆ, ಜೋಡಿಬಾವಿ, ಗುಂಡುತೋಪು, ತೋಟಿಮಾನ್ಯ. ಒಂದನ್ನೂ ಯಾರೂ ಕೂತು ಇಟ್ಟದ್ದಲ್ಲ. ಅಲ್ಲಿ ಬಂಡೆಯಿತ್ತು, ಬಾವಿಯಿತ್ತು, ಅದಕ್ಕೆ ಆ ಹೆಸರು. ಕೆರೆಯ ಕೋಡಿಯಿಂದ ಕೆಳಗೆ, ಹೊಂಗೆ ಮರಗಳ ನಡುವೆ ನಮ್ಮ ಕೇರಿಯ ಮಸಣ. ನನ್ನ ಅವ್ವನನ್ನು ಮಣ್ಣು ಮಾಡಿದ್ದು ಅಲ್ಲೇ. ನಾನು ಶಿವಾಜಿನಗರ ಸೇರಿದ ಎರಡನೇ ವರ್ಷ ತೀರಿಕೊಂಡಳು. ಗುಡ್ಡೆಯ ಮೇಲೆ ಕಲ್ಲು ನಿಲ್ಲಿಸುವಷ್ಟು ನಮಗೆ ಅನುಕೂಲ ಇರಲಿಲ್ಲ. ವರ್ಷಕ್ಕೊಂದು ಸಲ, ಅವಳು ಸತ್ತ ದಿನ, ಹೋಗಿ ಗುಡ್ಡೆಗೆ ಒಂದು ಬುಟ್ಟಿ ಹೊಸ ಮಣ್ಣು ಹಾಕಿ, ಅವಳಿಗೆ ಇಷ್ಟವಾದ ಅವರೆಕಾಳು ಸಾರು, ಮುದ್ದೆ ಇಟ್ಟು ಬರುತ್ತಿದ್ದೆವು. ತಾನು ಹೋದಾಗ ಅವಳ ಪಕ್ಕಕ್ಕೇ ಇಡಬೇಕು ಅಂತ ಅಪ್ಪ ಎಲ್ಲರಿಗೂ ಹೇಳಿಟ್ಟಿದ್ದ. ಪಕ್ಕದ ಜಾಗದಲ್ಲಿ ಯಾರನ್ನೂ ಹೂಳಲು ಬಿಡುತ್ತಿರಲಿಲ್ಲ.

ಬೋರ್ಡುಗಳು ಒಣಗಿದ ಮೇಲೆ ಟೆಂಪೋದಲ್ಲಿ ಹೇರಿಕೊಂಡು ಸೈಟಿಗೆ ಹೊರಟೆ. ಬೋರ್ಡು ನೆಟ್ಟು ನಿಲ್ಲಿಸುವುದೂ ನಮ್ಮದೇ ಕೆಲಸ. ಕೆ.ಆರ್. ಪುರದ ಕಡೆಯಿಂದ ರಿಂಗ್ ರಸ್ತೆಗೆ ಬಂದು ಟೆಂಪೋ ದೊಡ್ಡನೆಕ್ಕುಂದಿ ದಾಟಿತು. ಡ್ರೈವರ್ ಸೈಟಿನವರು ಕೊಟ್ಟ ಚೀಟಿ ನೋಡಿಕೊಂಡು ನಾನು ಕಾಣದ ಒಂದು ಹೊಸ ಟಾರು ರಸ್ತೆಗೆ ತಿರುಗಿಸಿದ. ತುದಿಯಲ್ಲಿ ಸಿಮೆಂಟಿನ ಕಮಾನು, ಅದರ ಮೇಲೆ ರೆಕ್ಕೆ ಇರುವ ಸಿಂಹ. ಒಳಗೆ ಸಾಲಾಗಿ ಕೆಂಪು ಹೆಂಚಿನ ಮನೆಗಳು. ನನಗೆ ಎಲ್ಲವೂ ಹೊಸದು. ಒಂದೊಂದೇ ಬೀದಿಗೆ ಬೋರ್ಡು ನೆಡುತ್ತ ಹೋದೆವು, ಆಲಿವ್ ಆಯಿತು, ರೋಸ್‌ಮೇರಿ ಆಯಿತು. ಲಗೂನಿನ ಹತ್ತಿರ ಬಂದಾಗ ನೀರು ಹೊರಗೆ ಹೋಗುವ ಕಡೆ ಒಂದು ಹಳೆಯ ಕಲ್ಲಿನ ಕಟ್ಟೆ ಕಂಡಿತು. ಅದರ ಮೂರನೇ ಕಲ್ಲು ಮುಕ್ಕಾಗಿತ್ತು. ಆ ಕಲ್ಲಿನ ಮೇಲಿಂದ ನೀರಿಗೆ ಧುಮುಕಿಯೇ ನಾನು ಈಜು ಕಲಿತದ್ದು.

ಇದು ನಮ್ಮೂರಿನ ಕೆರೆ. ಕೈಯಲ್ಲಿ ಕೊನೆಯ ಬೋರ್ಡು ಹಿಡಿದುಕೊಂಡು ಸೈಟಿನ ಮೇಸ್ತ್ರಿಯನ್ನು ಕೇಳಿದೆ, "ಇದನ್ನ ಎಲ್ಲಿ ನೆಡ್ಬೇಕು?"

"ಅಗೋ, ಆ ಹೊಂಗೆ ಮರಗಳ ಹತ್ರ."

ಅಲ್ಲಿ ಗುಡ್ಡೆಗಳಿರಲಿಲ್ಲ. ಎಲ್ಲವನ್ನೂ ಸಮ ಮಾಡಿ ಹುಲ್ಲಿನ ಹಾಸು ಹಾಕಿದ್ದರು. ಹುಲ್ಲಿನ ಮೇಲೆ ಎರಡು ಕಬ್ಬಿಣದ ಬೆಂಚು, ಒಂದು ಮಕ್ಕಳ ಉಯ್ಯಾಲೆ. ಯಾರದೋ ಮನೆಯವರು ನಿಲ್ಲಿಸಿದ್ದ ನಾಲ್ಕಾರು ಕಲ್ಲುಗಳನ್ನು ಕಿತ್ತು, ಸುಣ್ಣ ಬಳಿದು, ಹೂವಿನ ಪಾತಿಯ ಸುತ್ತ ಜೋಡಿಸಿದ್ದರು. ಅಣ್ಣನಿಗೂ ಊರಿನವರಿಗೂ, ಕೆಲಸ ಮುಗಿಯುವ ತನಕ ನೀಲಿ ತಗಡಿನ ಮರೆ ಇರುತ್ತದೆ, ಆಮೇಲೆ ಮಸಣಕ್ಕೆ ದಾರಿ ಬಿಡುತ್ತೇವೆ ಅಂತ ಹೇಳಿ ನಂಬಿಸಿದ್ದರಂತೆ. ಹಿಂದಿನ ಸಲ ಅವ್ವನ ದಿನಕ್ಕೆ ಬಂದಾಗ ನಾನೂ ಆ ತಗಡಿನ ಹೊರಗೇ ಎಡೆ ಇಟ್ಟು ಹೋಗಿದ್ದೆ, ಒಳಗೆ ಯಾರು ಏನು ಕಟ್ಟುತ್ತಿದ್ದಾರೆ ಅಂತ ಕೇಳಿರಲಿಲ್ಲ. ತಗಡಿನ ಜಾಗದಲ್ಲಿ ಈಗ ಆಳೆತ್ತರದ ಗೋಡೆ ಎದ್ದಿತ್ತು. ಗೋಡೆಯ ಆಚೆಗೆ ನಮ್ಮ ಕೇರಿ. ಅಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಇಲ್ಲಿಗೆ ಕೇಳುತ್ತಿತ್ತು.

ಮೇಸ್ತ್ರಿ ಗುಂಡಿ ತೋಡಿಸಿ ಕಾಯುತ್ತಿದ್ದ. ನಾನು ನೆಡುವುದಿಲ್ಲ ಅಂದೆ. ಯಾಕೆ ಅಂದ. ನನ್ನವ್ವ ಇಲ್ಲಿದ್ದಾಳೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಕಮಾನು ದಾಟಿ, ಇಡೀ ಗೋಡೆಯನ್ನು ಸುತ್ತಿ ಊರಿಗೆ ಹೋದೆ. ಗೋಡೆಯಿಲ್ಲದಿದ್ದರೆ ಎರಡು ನಿಮಿಷದ ದಾರಿ. ನನಗೆ ಮುಕ್ಕಾಲು ಗಂಟೆ ಹಿಡಿಯಿತು, ನಡೆದಷ್ಟೂ ಮೈ ಉರಿಯಿತು. ಅವರ ಮೇಲೆ ಎಷ್ಟು ಸಿಟ್ಟಿತ್ತೋ ನನ್ನ ಮೇಲೆ ಅದರ ಎರಡರಷ್ಟಿತ್ತು.

ಅಪ್ಪ ಜಗಲಿಯ ಮೇಲೆ ಕೂತಿದ್ದ. ಬೋರ್ಡನ್ನು ಅವನ ಮುಂದೆ ಇಟ್ಟು ಎಲ್ಲ ಹೇಳಿದೆ. ಅವನಿಗೆ ಓದಲು ಬರುವುದಿಲ್ಲ. ಬೆರಳಿನಿಂದ ಅಕ್ಷರಗಳ ಮೇಲೆ ನಿಧಾನವಾಗಿ ಸವರಿದ.

"ಏನಂತ ಬರ್ದದೆ?"

ಹೇಳಿದೆ.

"ನೀನೇ ಬರ್ದಿದ್ದಾ?"

"ಹೂಂ. ಹೆಸರು ಹೇಳ್ಕೊಟ್ಟಿದ್ದೂ ನಾನೇ ಅಪ್ಪ. ನಮ್ ಮಸಣ ಅಂತ ಗೊತ್ತಾಗಲಿಲ್ಲ."

ಅಪ್ಪ ಅಕ್ಷರದ ಸುತ್ತಲಿನ ಬಳ್ಳಿಯನ್ನೂ ಬೆರಳಿನಿಂದ ಸವರಿ ನೋಡಿದ. ಬಯ್ಯಬಾರದೇ, ಒಂದೇಟು ಹೊಡೆಯಬಾರದೇ ಅನ್ನಿಸಿತು. "ಅಕ್ಷರ ಚೆಂದಾಗವೆ," ಅಂದ. ನನಗೆ ಅಳು ತಡೆಯಲಾಗಲಿಲ್ಲ. ಅವನು ನನ್ನ ಕಡೆ ನೋಡದೆ ಎದ್ದು, ಹಿತ್ತಲಿನಲ್ಲಿ ಸುರಿದಿದ್ದ ಕೆರೆಯ ಮಣ್ಣು ಒಂದು ಮಂಕರಿ ನೆನೆಸಿಡು ಅಂತ ಅಣ್ಣನಿಗೆ ಹೇಳಿದ. "ಬೆಳಗ್ಗೆ ನಡೀತೀನಿ."

"ಅದನ್ನೆಲ್ಲ ನೀನು ನಂಬ್ತೀಯೇನಪ್ಪ? ಉಂಡೆ ಒಡೆಯೋದು, ರಕ್ತ ಕಾರೋದು?"

"ಮಣ್ಣಿಗೇನ್ ಗೊತ್ತದೆ? ನಂಗ್ ಗೊತ್ತದೆ. ನೋಡೋ ಜನಕ್ಕೆ ಕಣ್ಣಿಗೆ ಕಾಣೋ ಹಂಗೆ ಏನಾರ ಬೇಕಲ್ಲ. ನೀನು ಬಣ್ಣ ತಗಂಡು ಹಿಂದೆ ಬಾ."

ಮರುದಿನ ಬೆಳಗ್ಗೆ ನಮ್ಮ ಕೇರಿಯ ಹೆಂಗಸರು ಗಂಡಸರೆಲ್ಲ ಸೇರಿ ಕಮಾನಿನ ಮುಂದೆ ನಿಂತೆವು. ಊರಿನ ಒಕ್ಕಲಿಗರ ಮನೆಯ ಮುದುಕರೂ ಮೂರು ಜನ ಬಂದಿದ್ದರು. ಒಂದು ಕಾಲಕ್ಕೆ ಅಪ್ಪ ಎಲ್ಲೆ ನಡೆದು ಅವರ ಹೊಲ ಉಳಿಸಿಕೊಟ್ಟಿದ್ದ. ಕಾವಲಿನವರು ತಡೆಯಬೇಕೋ ಬೇಡವೋ ಅನ್ನುವುದರೊಳಗೆ, ತಲೆಯ ಮೇಲೆ ಮಣ್ಣಿನ ಉಂಡೆ ಹೊತ್ತ ಎಪ್ಪತ್ತರ ಮುದುಕ ಅವರ ನಡುವೆ ಹಾದು ಒಳಗೆ ನಡೆದಿದ್ದ. ಉಂಡೆ ಹೊತ್ತವನನ್ನು ಹಿಡಿದು ಎಳೆಯುವುದು ಹೇಗೆ? ಯಾರಿಗೂ ಕೈ ಬರಲಿಲ್ಲ.

ಅವನು ಬೀದಿ ನೋಡಿಕೊಂಡು ನಡೆಯಲಿಲ್ಲ. ಬೀದಿಗೆ ಅಡ್ಡಡ್ಡ ನಡೆದ, ಒಂದು ಮನೆಯ ಅಂಗಳ ಹಾದು ಇನ್ನೊಂದು ಮನೆಯ ಕಾರು ನಿಲ್ಲುವ ಜಾಗಕ್ಕೆ ಹೋದ. ಒಂದೊಂದು ಕಡೆ ನಿಂತು ಕೂಗುತ್ತಿದ್ದ. "ಇಲ್ಲಿಗೆ ಕೋಡಿಹೊಲ ಮುಗೀತು! ಇಲ್ಲಿಂದ ಕತ್ತೆಬಂಡೆ!" ನಾನು ಅವನು ನಿಂತ ಕಡೆ ಕೂತು, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಅದನ್ನೇ ಬರೆಯುತ್ತ ಹೋದೆ. ದಾರ ಇಲ್ಲ, ಗೆರೆ ಇಲ್ಲ, ಬಳ್ಳಿ ಇಲ್ಲ. ಹದಿನೈದು ವರ್ಷದ ಕಸುಬಿನಲ್ಲಿ ಅಷ್ಟು ಸೊಟ್ಟ ಅಕ್ಷರ ನಾನು ಬರೆದಿರಲಿಲ್ಲ, ಅಷ್ಟು ಹೆಮ್ಮೆಯಿಂದಲೂ ಬರೆದಿರಲಿಲ್ಲ. ಅದಾಗಲೇ ಮನೆ ಸೇರಿದ್ದ ನಾಲ್ಕಾರು ಸಂಸಾರದವರು ಬಾಲ್ಕನಿಗೆ ಬಂದು ನೋಡುತ್ತಿದ್ದರು. ಒಬ್ಬ ಹೆಂಗಸು ಮೇಲಿನಿಂದ ಇಂಗ್ಲಿಷಿನಲ್ಲಿ ಇದು ಯಾವ ಹಬ್ಬ ಅಂತ ಕೇಳಿದಳು.

ಹೊಂಗೆ ಮರಗಳ ಹತ್ತಿರ ಬರುವಾಗ ಅಪ್ಪನ ಹೆಜ್ಜೆ ನಿಧಾನವಾಗಿತ್ತು. ಕುತ್ತಿಗೆಯ ನರ ಉಬ್ಬಿತ್ತು, ಕೆಸರು ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಇದನ್ನೆಲ್ಲ ನಂಬ್ತೀಯಾ ಅಂತ ಅಪ್ಪನನ್ನು ಕೇಳಿದವನು ನಾನು, ಆದರೂ ಉಂಡೆ ಬೀಳದಿರಲಿ ಅಂತ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ದೊಡ್ಡ ಮರದ ಬುಡದಲ್ಲಿ ನಿಂತ, ಕೆರೆಯ ಕಡೆಗೆ ತಿರುಗಿದ, ಹೆಜ್ಜೆ ಎಣಿಸಿಕೊಂಡು ಹೋದ. ಉಯ್ಯಾಲೆಗೆ ಎರಡು ಮಾರು ದೂರದಲ್ಲಿ ಹುಲ್ಲಿನ ಮೇಲೆ ಮಂಡಿಯೂರಿ ಕೂತ. ತಲೆಯ ಮೇಲಿನ ಮಣ್ಣನ್ನು ಎರಡೂ ಕೈಯಿಂದ ಇಳಿಸಿ ಅಲ್ಲಿಟ್ಟ. ಉಂಡೆ ಒಡೆದಿರಲಿಲ್ಲ.

"ಇವ್ಳು ಇಲ್ಲೇ ಅವ್ಳೆ," ಅಂದ.

ಅಷ್ಟರಲ್ಲಿ ಹೆಸರಿನ ಸಾಹೇಬ ಕಾರಿನಲ್ಲಿ ಬಂದಿಳಿದ. ಬೆವರಿದ್ದ, ಟೈ ಸಡಿಲವಾಗಿತ್ತು. ನನ್ನನ್ನು ನೋಡಿ ಅವನಿಗೆ ನಿಜಕ್ಕೂ ಗಾಬರಿಯಾಯಿತು. ಅವನು ಕೆಟ್ಟವನಲ್ಲ ಅಂತ ಈಗಲೂ ಅಂದುಕೊಳ್ಳುತ್ತೇನೆ. ಏನೂ ಇಲ್ಲ ಅಂತ ಅವನಿಗೆ ಯಾರೋ ಹೇಳಿದ್ದರು, ಅವನು ನನಗೆ ಹೇಳಿದ, ನಾನು ಅದಕ್ಕೆ ಬಣ್ಣ ಹಚ್ಚಿದೆ. ಅವನು ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಲು ನೋಡಿದ. ಅಪ್ಪ ಕೂರಲಿಲ್ಲ.

"ಸಾರಿ ಗುರು, ನಂಗೆ ಗೊತ್ತಿರ್ಲಿಲ್ಲ. ಒಂದ್ ಕೆಲಸ ಮಾಡೋಣ. ಈ ಗಾರ್ಡನ್‌ಗೆ ನಿಮ್ಮ ತಾಯಿ ಹೆಸರೇ ಇಡೋಣ. ಗ್ರಾನೈಟ್ ಕಲ್ಲಲ್ಲಿ ಕೆತ್ತಿಸ್ತೀವಿ, ಕನ್ನಡದಲ್ಲೂ ಇಂಗ್ಲಿಷಲ್ಲೂ. ನೀವೇ ಡಿಸೈನ್ ಮಾಡಿ. ಹೂಳೋಕೆ ಮಾತ್ರ ಊರವ್ರಿಗೆ ಬೇರೆ ಕಡೆ ಜಾಗ ಕೊಡಿಸ್ತೀವಿ, ಇನ್ನೂ ದೊಡ್ಡ ಜಾಗ."

ಒಂದು ಗಳಿಗೆ ನನಗೆ ಆಸೆಯಾಯಿತು. ಯಾಕೆ ಮುಚ್ಚಿಡಲಿ? ಅವ್ವನ ಹೆಸರು ಅವಳ ಜೀವಮಾನದಲ್ಲಿ ರೇಷನ್ ಕಾರ್ಡು ಬಿಟ್ಟು ಇನ್ನೆಲ್ಲೂ ಬರೆದಿರಲಿಲ್ಲ. ಊರಿಗೆಲ್ಲ ಬೋರ್ಡು ಬರೆದ ನಾನೇ ಒಂದು ದಿನವೂ ಬರೆದಿರಲಿಲ್ಲ. ಗ್ರಾನೈಟಿನಲ್ಲಿ, ದೊಡ್ಡ ಅಕ್ಷರದಲ್ಲಿ, ಈ ಸೂಟುಬೂಟಿನವರೆಲ್ಲ ದಿನಾ ಓದುವ ಹಾಗೆ. ಕಣ್ಣ ಮುಂದೆ ಅಕ್ಷರದ ಅಳತೆ ಕೂಡ ಬಂದುಹೋಯಿತು. ಅಪ್ಪನ ಕಡೆ ನೋಡಿದೆ.

"ಅವ್ಳಿಗೆ ಹೆಸ್ರು ಅದೆ," ಅಂದ ಅಪ್ಪ. "ಅವ್ರಪ್ಪ ಇಟ್ಟಿದ್ದು. ನೀವು ಹೊಸ್ದಾಗಿ ಇಡೋದು ಬ್ಯಾಡ. ನಿಮ್ ಮನೆಗಳಿಗೆ ಏನಾರ ಇಟ್ಕಳಿ ಸ್ವಾಮಿ, ಇಟಲಿ ಅನ್ನಿ, ಸ್ವರ್ಗ ಅನ್ನಿ, ಅದು ನಿಮ್ಮಿಷ್ಟ. ಇದು ಮಸಣ. ಮಸಣ ಅಂತ ಬರೀರಿ."

"ಅದ್ ಹೆಂಗ್ ಆಗುತ್ತೆ ಯಜಮಾನ್ರೇ? ಇಲ್ಲಿ ಫ್ಯಾಮಿಲಿಗಳು ಇರ್ತಾರೆ."

"ಇಲ್ಲೂ ಫ್ಯಾಮಿಲಿಗಳೇ ಇರೋದು," ಅಂತ ಅಪ್ಪ ಹುಲ್ಲಿನ ಕಡೆ ಕೈ ತೋರಿಸಿದ.

ಅವತ್ತೇ ಗೋಡೆಯ ಮೇಲೆ, ನಮ್ಮ ಕೇರಿಯ ಬೆನ್ನಿಗಿರುವ, ಲೇಔಟಿಗೆ ಬರುವ ರಸ್ತೆಗೂ ಕಾಣುವ ಭಾಗದಲ್ಲಿ, ಆಳೆತ್ತರಕ್ಕೆ 'ಮಸಣ' ಅಂತ ಬರೆದೆ. ಅವರು ಸುಣ್ಣ ಹೊಡೆಸಿದರು. ಮತ್ತೆ ಬರೆದೆ. ಮತ್ತೆ ಹೊಡೆಸಿದರು. ಹಾಗೆ ಎಷ್ಟು ಸಲವೋ ನೆನಪಿಲ್ಲ. ಮನೆ ನೋಡಲು ಬಂದವರು ಆ ಮೂರಕ್ಷರ ಕಂಡು ಕಾರು ತಿರುಗಿಸಿಕೊಂಡು ಹೋದದ್ದು ಮಾತ್ರ ನೆನಪಿದೆ. ಕೆಲವರಿಗೆ ಕನ್ನಡ ಬರುತ್ತಿರಲಿಲ್ಲ, ಅವರಿಗೆಂದೇ ಇಂಗ್ಲಿಷಿನಲ್ಲೂ ಬರೆದೆ. ಉಸ್ತಾದರಿಗೆ ವಿಷಯ ತಿಳಿಸಿದಾಗ ಎರಡೂ ಕೆನ್ನೆ ಮುಟ್ಟಿಕೊಂಡರು. "ತೋಬಾ ತೋಬಾ, ಖಬರಸ್ತಾನ್ ಮೇಲೆ ಉಯ್ಯಾಲೆನಾ?" ಅಂದರು. ಆ ಕಂಪನಿಯ ಕೆಲಸ ಅಲ್ಲಿಗೆ ನಿಂತಿತು. ಬೇರೆ ಕಂಪನಿಯವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನನ್ನನ್ನು ಕೆಲಸದಿಂದ ತೆಗೆದರೆ ಎಲ್ಲ ಸರಿಹೋಗುತ್ತದೆ ಅಂತ ಯಾರೋ ಬಂದು ಕಿವಿಯಲ್ಲಿ ಊದಿದ್ದರಂತೆ. ಉಸ್ತಾದ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗೋಡೆಗೆ ಬೇಕಾದ ಬಣ್ಣದ ಡಬ್ಬಿಯನ್ನೂ ಅವರೇ ಕೊಟ್ಟು ಕಳಿಸುತ್ತಿದ್ದರು.

ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಓಡಾಡಿ ಚಪ್ಪಲಿ ಸವೆಯಿತು. ಕೊನೆಗೆ ಸರ್ವೇಯವರು ಹಳೆಯ ಗ್ರಾಮನಕ್ಷೆ ಹಿಡಿದುಕೊಂಡು ಬಂದರು, ಸರಪಳಿ ಎಳೆದರು. ನಕ್ಷೆಯಲ್ಲಿ ಆ ಜಾಗದ ಮೇಲೆ ಹಳೇ ಕಾಲದ ಸಣ್ಣ ಅಕ್ಷರದಲ್ಲಿ ಸ್ಮಶಾನ ಅಂತಲೇ ಇತ್ತು. ನಾನು ಕೆಂಪು ಬಣ್ಣದಲ್ಲಿ ಬರೆದ ಕೋಡಿಹೊಲದ ಎಲ್ಲೆಗೂ ಅವರ ಸರಪಳಿಗೂ ಒಂದು ಗೇಣು ವ್ಯತ್ಯಾಸ ಬಂತು. ತಪ್ಪು ಸರಪಳಿಯದು ಅಂತ ಅಪ್ಪ ಇವತ್ತಿಗೂ ವಾದಿಸುತ್ತಾನೆ.

ಪೂರ್ತಿ ಗೆದ್ದೆವು ಅಂತ ಹೇಳಲಾರೆ. ಉಯ್ಯಾಲೆ, ಬೆಂಚು ತೆಗೆದರು. ಮಸಣ ಊರಿನದೇ, ಹೂಳಲು ಯಾರೂ ಅಡ್ಡಿ ಮಾಡಬಾರದು ಅಂತ ಕಾಗದ ಬಂತು. ಕೇರಿಯ ಕಡೆಯಿಂದ ಗೋಡೆ ಒಡೆದು ಬಾಗಿಲು ಇಡಬೇಕು ಅಂತಲೂ ಅದರಲ್ಲಿ ಬರೆದಿತ್ತು. ಬಾಗಿಲು ಮಾತ್ರ ಇವತ್ತಲ್ಲ ನಾಳೆ ಅನ್ನುತ್ತ ಬಂದರು. ಅಲ್ಲಿಯವರೆಗೆ ನಾವು ಕಮಾನಿನಿಂದಲೇ ಹೋಗಬೇಕು, ಅವರ ರಿಜಿಸ್ಟರಿನಲ್ಲಿ ಬರೆದು. ನಮ್ಮ ಮಸಣಕ್ಕೆ ನಾವು ವಿಸಿಟರ್ಸ್.

ಅವ್ವ ಸತ್ತ ದಿನ ಬಂತು. ಅಪ್ಪನ ಕೈಯಲ್ಲಿ ಹೊಸ ಮಣ್ಣಿನ ಬುಟ್ಟಿ, ನನ್ನ ಕೈಯಲ್ಲಿ ಊಟದ ಕ್ಯಾರಿಯರು. ಗೇಟಿನಲ್ಲಿ ಹೊಸ ಸೆಕ್ಯೂರಿಟಿ ಇದ್ದ. ಕಲಬುರಗಿ ಕಡೆಯವನು, ಈಚೆಗಷ್ಟೇ ನಮ್ಮ ಕೇರಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಹೆಂಡತಿ ಮಕ್ಕಳೊಂದಿಗೆ ಇದ್ದವನು. ನಮ್ಮ ಮುಖ ಅವನಿಗೆ ಅಷ್ಟಾಗಿ ಪರಿಚಯವಿರಲಿಲ್ಲ. ರಿಜಿಸ್ಟರು ನನ್ನ ಮುಂದೆ ತಳ್ಳಿದ.

"ಯಾರಿಗಿ ಭೇಟಿ ಆಗೋದದರಿ?"

"ನನ್ನ ಅವ್ವನ್ನ."

"ಯಾವ ಮನಿ ನಂಬರ್ ರೀ?"

"ನಂಬರ್ ಇಲ್ಲ. ನಿಮ್ಮ ಮನೆಗಳಿಗೆ ನಂಬರ್ ಬರೋಕೆ ಮುಂಚಿಂದ ಅಲ್ಲೇ ಇದ್ದಾಳೆ."

ಅವನು ಬುಟ್ಟಿ ನೋಡಿದ, ಕ್ಯಾರಿಯರ್ ನೋಡಿದ, ತಿಳಿಯಿತು ಅಂತ ಕಾಣುತ್ತದೆ. ಧ್ವನಿ ತಗ್ಗಿಸಿದ. "ನಾ ಏನ್ ಮಾಡ್ಲಿ ಮುತ್ಯಾ," ಅಂತ ಅಪ್ಪನಿಗೆ ಹೇಳಿದ, "ಒಳಗಿನವರಿಗಿ ಫೋನ್ ಮಾಡಿ, ಅವರು ಹೂಂ ಅಂದ್ರ ಬಿಡಬೇಕು ಅಂತ ಆರ್ಡರ್ ಅದ. ಕ್ಯಾಮರಾ ನೋಡ್ಲಿಕತ್ತದ. ಫೋನ್ ಮಾಡ್ಲಿಲ್ಲಂದ್ರ ನನ್ನ ನೌಕ್ರಿ ಹೋಗ್ತದ."

ನಮ್ಮ ಹಿಂದೆ ಒಂದು ಕಾರು ಬಂದು ನಿಂತು ಹಾರ್ನ್ ಮಾಡಿತು. ನಾನು ಜಗಳಕ್ಕೆ ಬಾಯಿ ತೆರೆದಿದ್ದೆ. ಅಪ್ಪ ಬುಟ್ಟಿಯನ್ನು ಮೇಜಿನ ಮೇಲೆ, ಅವರ ರಿಜಿಸ್ಟರಿನ ಮೇಲೆಯೇ ಇಟ್ಟ. ಸೆಕ್ಯೂರಿಟಿಯ ಕೈಯಿಂದ ಫೋನು ತೆಗೆದುಕೊಂಡು ಕಿವಿಗೆ ಹಿಡಿದ. ಯಾವ ನಂಬರನ್ನೂ ಒತ್ತಲಿಲ್ಲ. ಹಾರ್ನ್ ಮಾಡುತ್ತಿದ್ದವನು ಕೂಡ ಕಾರಿನ ಗಾಜು ಇಳಿಸಿ ನೋಡುವಷ್ಟು ಹೊತ್ತು ಹಾಗೇ ನಿಂತು ಕೇಳಿಸಿಕೊಂಡ. ಆಮೇಲೆ ಫೋನನ್ನು ಹುಷಾರಾಗಿ ಅವನ ಕೈಗೆ ವಾಪಸು ಕೊಟ್ಟ.

"ಬಾ ಅಂತವ್ಳೆ," ಅಂದ. ಬುಟ್ಟಿ ಎತ್ತಿಕೊಂಡು ಒಳಗೆ ನಡೆದ.